ಬೇಸಿಗೆಯ ಮುರುಗಲು: ಕೊಯ್ಯುವ, ಒಣಗಿಸುವ ಮತ್ತು ಸೆಕೆಯ ದಿನಗಳಿಗೆ ಬಳಸುವ ಕ್ರಮ

ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಅಡಿಕೆ ತೋಟದ ಅಂಚುಗಳಲ್ಲಿಯೂ ಮುರುಗಲು ಹಣ್ಣಾಗುವುದು ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ, ಅಂದರೆ ಕರಾವಳಿ ಮತ್ತು ಘಟ್ಟದ ತಪ್ಪಲಿನಲ್ಲಿ ಸೆಕೆ ಅತಿಯಾಗಿರುವ ದಿನಗಳಲ್ಲಿಯೇ. ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಪುನರ್ಪುಳಿ ಎಂದೂ ಗೋವಾ, ಮಹಾರಾಷ್ಟ್ರಗಳಲ್ಲಿ ಕೋಕಂ ಎಂದೂ ಕರೆಯುವ ಈ ಹಣ್ಣಿನಲ್ಲಿ ನಮಗೆ ಮುಖ್ಯವಾದದ್ದು ಅದರ ಹುಳಿ ಸಿಪ್ಪೆ. ಸಿಪ್ಪೆಯನ್ನು ಸರಿಯಾಗಿ ಒಣಗಿಸಿಟ್ಟರೆ ಮುಂದಿನ ಬೇಸಿಗೆಯವರೆಗೂ ಶರಬತ್ತಿಗೆ, ಸಾರಿಗೆ, ತಂಬುಳಿಗೆ ಒದಗುತ್ತದೆ. ಆದರೆ ಹಣ್ಣು ಮಾಗುವ ಕಾಲ ಮತ್ತು ಮಳೆ ಹಿಡಿಯುವ ಕಾಲದ ನಡುವೆ ಹೆಚ್ಚು ಅಂತರವಿಲ್ಲದಿರುವುದರಿಂದ, ಎಷ್ಟು ಹಣ್ಣು ಸಿಗುತ್ತದೆ ಎಂಬುದಕ್ಕಿಂತ ಎಷ್ಟು ಸಿಪ್ಪೆಯನ್ನು ಮಳೆಗೆ ಮೊದಲು ಒಣಗಿಸಬಲ್ಲೆವು ಎಂಬ ಲೆಕ್ಕದಿಂದಲೇ ಕೆಲಸ ಆರಂಭಿಸಬೇಕು. ಅಂಗಳದಲ್ಲಿ ಹರಡಲು ಜಾಗವಿರುವಷ್ಟನ್ನು ಮಾತ್ರ ಕೊಯ್ಯಿರಿ. ಉಳಿದದ್ದು ಮಂಗ, ಕೆಂಜಳಿಲು ಮತ್ತು ಹಕ್ಕಿಗಳ ಪಾಲು.

ಮುರುಗಲಿನಲ್ಲಿ ಗಂಡು ಮತ್ತು ಹೆಣ್ಣು ಮರಗಳು ಬೇರೆ ಬೇರೆಯಾಗಿರುತ್ತವೆ. ಬೀಜದಿಂದ ಎದ್ದ ಗಿಡಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗಿಯೇ ಬೆಳೆಯುವುದರಿಂದ, ಹಣ್ಣು ಬಿಡುವ ಮರಗಳನ್ನು ಹಿಂದಿನ ವರ್ಷವೇ ಗುರುತಿಸಿಟ್ಟುಕೊಳ್ಳುವುದು ಒಳ್ಳೆಯದು. ಸಾಮಾನ್ಯವಾಗಿ ನಿಂಬೆಹಣ್ಣಿನಷ್ಟು ಗಾತ್ರದ ಕಾಯಿ ಹಸಿರಿನಿಂದ ಕೆಂಪಿಗೆ, ಕೆಂಪಿನಿಂದ ಕಡು ನೇರಳೆಗೆ ತಿರುಗುತ್ತದೆ. ನೇರಳೆಗೆ ತಿರುಗಿದ, ಒತ್ತಿದರೆ ಸ್ವಲ್ಪ ಮೆತ್ತಗಾಗುವ ಹಣ್ಣನ್ನು ಮಾತ್ರ ಆರಿಸಬೇಕು. ಅರೆಮಾಗಿದ ಹಣ್ಣಿನ ಸಿಪ್ಪೆಯಲ್ಲಿ ಬಣ್ಣವೂ ಕಡಿಮೆ, ಒಣಗಿದ ಮೇಲೆ ರುಚಿಯೂ ಕಡಿಮೆ. ಹಣ್ಣಾದರೂ ಹಳದಿ ಮಿಶ್ರಿತ ಬಿಳಿ ಬಣ್ಣದಲ್ಲೇ ಉಳಿಯುವ ಬಿಳಿ ಮುರುಗಲೂ ಉತ್ತರ ಕನ್ನಡದಲ್ಲಿದ್ದು, ಅದನ್ನು ಕೆಂಪಿನೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಒಣಗಿಸಬೇಕು.

ಒಂದೇ ಮರದ ಹಣ್ಣೆಲ್ಲ ಒಟ್ಟಿಗೆ ಮಾಗುವುದಿಲ್ಲವಾದ್ದರಿಂದ ಕೆಲವು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಹೋಗಿ ಕೊಯ್ಯಬೇಕಾಗುತ್ತದೆ. ಆ ಶ್ರಮ ಉಳಿಸಲು ಕೊಂಬೆಯನ್ನೇ ಕಡಿದು ಕೆಳಗೆ ಹಾಕುವ ರೂಢಿ ಕೆಲವೆಡೆ ಇದೆ. ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಬೀಜದಿಂದ ಬೆಳೆದ ಮುರುಗಲು ಫಲ ಕೊಡಲು ಏಳೆಂಟು ವರ್ಷ ಬೇಕು. ಅಷ್ಟು ನಿಧಾನವಾಗಿ ಬೆಳೆದ ಮರದ ಕೊಂಬೆಯನ್ನು ಒಂದು ಬುಟ್ಟಿ ಹಣ್ಣಿಗಾಗಿ ಕಡಿಯುವುದು ಮುಂದಿನ ಹಲವು ವರ್ಷಗಳ ಫಲವನ್ನು ಕಳೆದುಕೊಂಡಂತೆಯೇ ಸರಿ. ಮರದ ಬುಡದಲ್ಲಿ ಬಲೆ ಅಥವಾ ಹಳೆಯ ಸೀರೆಯನ್ನು ಹಾಸಿ, ಉದ್ದನೆಯ ದೋಟಿಯಿಂದ ಹಣ್ಣನ್ನು ಒಂದೊಂದಾಗಿ ಬಿಡಿಸಿ. ಮೀಸಲು ಅರಣ್ಯದಲ್ಲಿ ಕೊಯ್ಯುವುದಾದರೆ ಅರಣ್ಯ ಇಲಾಖೆಯ ಅಥವಾ ಊರಿನ ಗ್ರಾಮ ಅರಣ್ಯ ಸಮಿತಿಯ ನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಿ.

ಈ ಕಾಲದಲ್ಲಿ ಕಾಡಿಗೆ ಹೋಗುವವರು ಎರಡು ಅಪಾಯಗಳನ್ನು ಲಘುವಾಗಿ ಕಾಣಬಾರದು. ಮೊದಲನೆಯದು ಉಣುಗಿನಿಂದ ಹರಡುವ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಬೇಸಿಗೆಯ ಒಣ ದಿನಗಳಲ್ಲಿಯೇ ಹೆಚ್ಚು. ಮಲೆನಾಡಿನಲ್ಲಿ ಇಂದಿಗೂ ಇದರಿಂದ ಜೀವಹಾನಿಯಾಗುತ್ತಿದೆ. ತುಂಬುತೋಳಿನ ಅಂಗಿ ಮತ್ತು ಪಾದದವರೆಗಿನ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಹಂಚುವ ಉಣುಗು ನಿವಾರಕ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಂಡೇ ಹೋಗಬೇಕು. ಒಣ ಎಲೆಗಳ ಮೇಲೆ ನೇರವಾಗಿ ಕುಳಿತುಕೊಳ್ಳಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈಯಲ್ಲಿ ಉಣುಗು ಕಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿಗೆ ಹೋಗಿ ಬಂದ ಒಂದೆರಡು ವಾರದೊಳಗೆ ಇದ್ದಕ್ಕಿದ್ದಂತೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದ ವಿಷಯವನ್ನು ಹೇಳಲೇಬೇಕು.

ಎರಡನೆಯದು ಸೆಕೆಯೇ. ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಬೆವರು ಬೇಗ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಹೀಗಾಗಿ ಉಷ್ಣಮಾಪಕದಲ್ಲಿ 35 ಡಿಗ್ರಿ ಮಾತ್ರ ಇದ್ದರೂ ಮರದ ಕೆಳಗೆ ದುಡಿಯುವವರಿಗೆ ಅದು ಬಯಲುಸೀಮೆಯ 40 ಡಿಗ್ರಿಗಿಂತ ಕಷ್ಟವಾಗಬಹುದು. ಬೆಳಕು ಹರಿದ ಕೂಡಲೇ ಹೊರಟು ಹತ್ತು ಗಂಟೆಯೊಳಗೆ ಹಿಂದಿರುಗುವಂತೆ ಕೊಯ್ಲನ್ನು ಯೋಜಿಸಿಕೊಳ್ಳಿ, ಬಾಯಾರುವವರೆಗೆ ಕಾಯದೆ ಆಗಾಗ ನೀರು ಕುಡಿಯಿರಿ. ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಕಂಡರೆ ಕೆಲಸ ನಿಲ್ಲಿಸಿ ನೆರಳಿಗೆ ಬಂದು, 1 ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ಮಾತು ತೊದಲುವುದು, ಗೊಂದಲ, ಪ್ರಜ್ಞೆ ತಪ್ಪುವುದು ಉಷ್ಣಾಘಾತದ ಲಕ್ಷಣಗಳು. ಅಂಥವರ ಮೈಯನ್ನು ನೀರಿನಿಂದ ಒದ್ದೆ ಮಾಡಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರಾಗಲಿ ಶರಬತ್ತಾಗಲಿ ಹಾಕಬಾರದು. ಮುರುಗಲು ದಾಹ ತಣಿಸುವ ಒಳ್ಳೆಯ ಪಾನೀಯವೇ ಹೊರತು ಉಷ್ಣಾಘಾತಕ್ಕೆ ಮದ್ದಲ್ಲ.

ತಂದ ಹಣ್ಣನ್ನು ಅದೇ ದಿನ ಒಡೆಯುವುದು ಉತ್ತಮ. ತೊಳೆದು, ನೀರು ಒರೆಸಿ, ಅಡ್ಡಲಾಗಿ ಎರಡು ಹೋಳು ಮಾಡಿ, ಬೀಜವಿರುವ ತಿರುಳನ್ನು ಬೇರೆ ಪಾತ್ರೆಗೆ ತೆಗೆಯಿರಿ. ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಿಪ್ಪೆ ಸಿಗುತ್ತದೆ. ಹುಳಿ ಲೋಹವನ್ನು ತಿನ್ನುವುದರಿಂದ ಅಲ್ಯೂಮಿನಿಯಂ, ತಾಮ್ರ, ಕಬ್ಬಿಣದ ಪಾತ್ರೆಗಳನ್ನು ಬಳಸದೆ ಗಾಜು, ಪಿಂಗಾಣಿ ಅಥವಾ ಸ್ಟೀಲ್ ಪಾತ್ರೆಗಳನ್ನು ಬಳಸಬೇಕು. ಸಿಪ್ಪೆಯನ್ನು ಬಿದಿರಿನ ತಟ್ಟಿಯ ಮೇಲೆ ಒಳಭಾಗ ಮೇಲಾಗುವಂತೆ ಒಂದೇ ಪದರವಾಗಿ ಹರಡಿ, ಸಂಜೆ ಇಬ್ಬನಿ ತಾಗದಂತೆ ಒಳಗೆ ತೆಗೆದಿಡಬೇಕು. ಕೊಂಕಣದ ಕಡೆ ತಿರುಳನ್ನು ಹಿಂಡಿದ ರಸಕ್ಕೆ ಉಪ್ಪು ಬೆರೆಸಿ, ಸಿಪ್ಪೆಯನ್ನು ಅದರಲ್ಲಿ ಅದ್ದಿ ಒಣಗಿಸಿ, ಮತ್ತೆ ಅದ್ದಿ ಒಣಗಿಸಿ, ಹೀಗೆ ಮೂರು ನಾಲ್ಕು ಬಾರಿ ಮಾಡುವ ಕ್ರಮವಿದೆ. ಶ್ರಮ ಹೆಚ್ಚಾದರೂ ಬಣ್ಣ, ಹುಳಿ ಮತ್ತು ಬಾಳಿಕೆ ಮೂರೂ ಹೆಚ್ಚುವುದರಿಂದ ಸಾರಿಗೆ ಬಳಸುವ ಸಿಪ್ಪೆಗೆ ಈ ಕ್ರಮವನ್ನೇ ನಾನು ಮೆಚ್ಚುತ್ತೇನೆ. ಆದರೆ ಶರಬತ್ತಿಗೆ ಉಪ್ಪಿಲ್ಲದೆ ಒಣಗಿಸಿದ ಸಿಪ್ಪೆಯೇ ಸರಿ. ನಡುವೆ ಮಳೆ ಬಂದರೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬಹುದು, ಹೊಗೆಯ ವಾಸನೆ ಮಾತ್ರ ಉಳಿಯುತ್ತದೆ. ಬೆರಳಿನಲ್ಲಿ ಒತ್ತಿದರೆ ರಸ ಜಿನುಗದೆ, ಚರ್ಮದಂತೆ ಬಾಗುವ ಹದಕ್ಕೆ ಬಂದಾಗ ಗಾಳಿಯಾಡದ ಭರಣಿಯಲ್ಲಿ ತುಂಬಿಡಿ.

ಸಕ್ಕರೆ ಪಾಕದ ಶರಬತ್ತಿಗೆ ತಾಜಾ ಸಿಪ್ಪೆ ಬೇಕು. 1 ಕಿಲೋ ಸಿಪ್ಪೆಗೆ 2 ಕಿಲೋ ಸಕ್ಕರೆಯಂತೆ ತೆಗೆದುಕೊಂಡು, ತೇವವಿಲ್ಲದ ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹಾಕುತ್ತಾ ಬಂದು, ಮೇಲಿನ ಪದರ ಸಕ್ಕರೆಯದೇ ಆಗುವಂತೆ ನೋಡಿಕೊಳ್ಳಿ. ಬಾಯಿಗೆ ಬಟ್ಟೆ ಕಟ್ಟಿ ಸುಮಾರು ಒಂದು ವಾರ ಇಟ್ಟು, ದಿನಕ್ಕೊಮ್ಮೆ ಒಣ ಸೌಟಿನಿಂದ ಕಲಕಿದರೆ ಸಕ್ಕರೆಯೆಲ್ಲ ಕರಗಿ ಕಡುಗೆಂಪು ಪಾಕವಾಗುತ್ತದೆ. ಅದನ್ನು ಸೋಸಿ ಶೀಸೆಗೆ ತುಂಬಬೇಕು. ಹೆಚ್ಚು ಹೊತ್ತು ಕುದಿಸಿದರೆ ಬಣ್ಣ ಮಂಕಾಗುವುದರಿಂದ ಈ ಪಾಕವನ್ನು ಒಲೆಯ ಮೇಲೆ ಇಡುವ ಅಗತ್ಯವಿಲ್ಲ. ಸಕ್ಕರೆ ಕಡಿಮೆ ಮಾಡಿದರೆ ಪಾಕ ಬುರುಗು ಬಂದು ಹುದುಗುತ್ತದೆ. ಸಿಹಿ ಬೇಡವೆನ್ನುವವರು ಪಾಕದ ಅಳತೆಯನ್ನು ಬದಲಿಸದೆ ಕುಡಿಯುವಾಗ ನೀರು ಹೆಚ್ಚಿಸಿಕೊಳ್ಳಲಿ. ಒಂದು ಭಾಗ ಪಾಕಕ್ಕೆ ಐದಾರು ಭಾಗ ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ ಬೆರೆಸಿದರೆ ಹದವಾಗಿರುತ್ತದೆ. ಮಧುಮೇಹ ಇರುವವರು ಇದರ ಬದಲು ಏಳೆಂಟು ಒಣ ಸಿಪ್ಪೆಗಳನ್ನು 1 ಲೀಟರ್ ನೀರಿನಲ್ಲಿ ಒಂದು ಗಂಟೆ ನೆನೆಸಿ, ಕಿವುಚಿ ಸೋಸಿ, ಉಪ್ಪು ಜೀರಿಗೆ ಮಾತ್ರ ಹಾಕಿ ಕುಡಿಯಬಹುದು. ಅದೇ ನೀರಿಗೆ ಬೆಲ್ಲ, ಸೀಳಿದ ಹಸಿಮೆಣಸು ಹಾಕಿ ಒಂದು ಕುದಿ ಬರಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಬೇಳೆಯಿಲ್ಲದ ಪುನರ್ಪುಳಿ ಸಾರು ಸಿದ್ಧ.

ತೆಗೆದಿಟ್ಟ ಬೀಜವನ್ನು ಎಸೆಯಬೇಡಿ. ತೊಳೆದು ಚೆನ್ನಾಗಿ ಒಣಗಿಸಿ, ಹೊರಸಿಪ್ಪೆ ತೆಗೆದು, ಒಳಗಿನ ತಿರುಳನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಆರಲು ಬಿಟ್ಟಾಗ ಅದು ಹೆಪ್ಪುಗಟ್ಟುತ್ತದೆ. ಅದನ್ನು ಎತ್ತಿ ಮತ್ತೊಮ್ಮೆ ಕಾಯಿಸಿ ನೀರಿನಂಶ ತೆಗೆದು ಅಚ್ಚಿಗೆ ಹೊಯ್ದರೆ ಮುರುಗಲು ತುಪ್ಪದ ಬಿಲ್ಲೆ ದೊರೆಯುತ್ತದೆ. ಮಾಮೂಲಿ ಸೆಕೆಯಲ್ಲಿ ಕರಗದೆ ಗಟ್ಟಿಯಾಗಿಯೇ ನಿಲ್ಲುವ ಈ ತುಪ್ಪವನ್ನು ಕಾಗದದಲ್ಲಿ ಸುತ್ತಿ ತಂಪಾದ ಜಾಗದಲ್ಲಿಟ್ಟು, ಹಿಮ್ಮಡಿ ಒಡೆದಾಗ ರಾತ್ರಿ ಸ್ವಲ್ಪ ಬೆಚ್ಚಗೆ ಮಾಡಿ ಹಚ್ಚಿಕೊಳ್ಳಬಹುದು.