ರಂಪಿಗೆಗೆ ಚರ್ಮದ ಒರೆ ಬೇಡ

ಚರ್ಮದ ಕೆಲಸ ಮಾಡುವ ಮನೆಯಲ್ಲಿ ಚರ್ಮದ ಚೂರುಗಳಿಗೆ ಬರವಿಲ್ಲ. ಹಾಗಾಗಿ ಹೊಸ ರಂಪಿಗೆ, ಅಂದರೆ ಚರ್ಮ ಕೊಯ್ಯುವ ಕತ್ತಿ, ಬಂದ ಕೂಡಲೇ ಅದಕ್ಕೊಂದು ಚರ್ಮದ ಒರೆ ಹೊಲಿಯೋಣ ಅನ್ನಿಸುತ್ತದೆ. ಬೇಡ. ಸಂತೆಗೆ ಒಯ್ಯುವಾಗ ಗಂಟೆ ಎರಡು ಗಂಟೆ ಅದರೊಳಗಿದ್ದರೆ ಚಿಂತೆಯಿಲ್ಲ, ಮಳೆಗಾಲವಿಡೀ ಇಟ್ಟರೆ ಅಲಗು ಹೋಯಿತೆಂದೇ ತಿಳಿಯಿರಿ. ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿಗೆ ಬಳಸುವುದು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ. ಅದರ ಒಗರು ಕಬ್ಬಿಣವನ್ನು ತಿನ್ನುತ್ತದೆ, ಮೇಲಾಗಿ ಗಾಳಿಯ ತೇವವನ್ನೆಲ್ಲ ಹೀರಿ ಅಲಗಿಗೆ ಒತ್ತಿ ಹಿಡಿಯುತ್ತದೆ. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ ಕ್ರೋಮ್ ಚರ್ಮವೂ ಆಗದು, ಅದರಲ್ಲಿ ಉಳಿದ ಉಪ್ಪಿನಂಶ ಅದೇ ಕೆಲಸ ಮಾಡುತ್ತದೆ. ಮೊದಲು ಅಲಗಿನ ಮೇಲೆ ಕಪ್ಪು ಕಲೆ, ಆಮೇಲೆ ಅಂಚಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಕುಳಿಗಳು. ಕುಳಿ ಬಿದ್ದ ಅಂಚು ಚರ್ಮವನ್ನು ಕೊಯ್ಯುವುದಿಲ್ಲ, ಎಳೆಯುತ್ತದೆ. ಎಳೆದಾಗ ನೀವು ಜೋರು ಹಾಕುತ್ತೀರಿ, ಜೋರು ಹಾಕಿದಾಗಲೇ ಕೈ ಜಾರುವುದು.

ಒರೆಗೆ 50 ಮಿ.ಮೀ. ಪಿವಿಸಿ ಪೈಪಿನ ತುಂಡು ಸಾಕು. ಚಪ್ಪಟೆ ಮಾಡಿದರೆ ಒಳಗೆ ಸುಮಾರು 7 ಸೆಂ.ಮೀ. ಅಗಲ ಸಿಗುತ್ತದೆ. ಅಲಗಿಗಿಂತ ಒಂದು ಇಂಚು ಉದ್ದ ಇಟ್ಟು ಕತ್ತರಿಸಿ, ಕುದಿಯುವ ನೀರಿನಲ್ಲಿ ಐದಾರು ನಿಮಿಷ ಮುಳುಗಿಸಿ. ಬೆಂಕಿಗೆ ನೇರ ಹಿಡಿಯಬೇಡಿ, ಅದರ ಹೊಗೆ ವಿಷ. ಮೆತ್ತಗಾದ ಮೇಲೆ ಇಕ್ಕಳದಲ್ಲಿ ಎತ್ತಿ, ಅಲಗಿಗಿಂತ ಚೂರು ದಪ್ಪ ಇರುವ ರಟ್ಟನ್ನು ಅಲಗಿನ ಉದ್ದದಷ್ಟು ಮಾತ್ರ ಒಳಗೆ ತೂರಿಸಿ, ಎರಡು ಹಲಗೆಗಳ ನಡುವೆ ಒತ್ತಿ ತಣಿಯಲು ಬಿಡಿ. ರಟ್ಟಿಲ್ಲದ ಆ ಒಂದಿಂಚು ತಾನೇ ಮುಚ್ಚಿಕೊಳ್ಳುತ್ತದೆ. ಅಚ್ಚಿಗೆಂದು ರಂಪಿಗೆಯನ್ನೇ ಒಳಗಿಟ್ಟು ಒತ್ತುವ ಸಾಹಸ ಬೇಡ. ತಲೆಕೆಳಗೆ ಮಾಡಿ ಕೊಡವಿದರೂ ರಂಪಿಗೆ ಕಳಚಿ ಬೀಳದಿದ್ದರೆ ಒರೆ ಸರಿಯಾಗಿದೆ.

ಹೊಲಿಯುವ ಉಳಿಗಳನ್ನು, ಅಂದರೆ ಹೊಲಿಗೆಗೆ ಚರ್ಮ ಚುಚ್ಚುವ ಮೊನೆ ಹತಾರಗಳನ್ನು, ನಿಲ್ಲಿಸಿಡಲು ಚೆನ್ನಾಗಿ ಒಣಗಿದ ಮಾವಿನ ಮರದ ದಿಮ್ಮಿಗೆ ತೂತು ಕೊರೆದರೆ ಒಳ್ಳೆಯದು. ಮೂರು ಇಂಚು ದಪ್ಪ, ಅಂಗೈಗಿಂತ ಅಗಲ ಇರಲಿ, ಇಲ್ಲವಾದರೆ ಕಾಲು ತಾಗಿದಾಗ ಮಗುಚುತ್ತದೆ. ಉಳಿ 3 ಮಿ.ಮೀ. ದಪ್ಪವಿದ್ದರೆ ತೂತು 5 ಮಿ.ಮೀ. ಇರಬೇಕು. ಆಳ ಹೇಗಿರಬೇಕೆಂದರೆ ಹಿಡಿ ಮೇಲೆ ಕೂತಾಗ ಮೊನೆ ತಳ ಮುಟ್ಟದೆ ಅರ್ಧ ಬೆರಳಷ್ಟು ಮೇಲೇ ನಿಲ್ಲಬೇಕು, ತಳ ಮುಟ್ಟಿದ ಮೊನೆ ದಿನಾ ಸ್ವಲ್ಪ ಸ್ವಲ್ಪ ಮೊಂಡಾಗುತ್ತದೆ. ಕೊಕ್ಕೆ ಉಳಿಗೆ ಮಾತ್ರ 8 ಮಿ.ಮೀ. ತೂತು ಕೊಡಿ. ಬಿಗಿ ತೂತಿನಿಂದ ಎಳೆಯುವಾಗ ಕೊಕ್ಕೆ ಗೋಡೆಗೆ ಸಿಕ್ಕಿ ಮುರಿಯುವುದೇ ಹೆಚ್ಚು. ಉಳಿಗಳೆಷ್ಟೋ ತೂತುಗಳೂ ಅಷ್ಟೇ ಇರಲಿ. ಸಂಜೆ ಒಂದು ತೂತು ಖಾಲಿ ಕಂಡರೆ ಆ ಉಳಿ ಚೂರುಗಳ ರಾಶಿಯ ಕೆಳಗೋ ಚಾಪೆಯ ಅಡಿಯಲ್ಲೋ ಇದೆ ಎಂದರ್ಥ. ಸಿಗುವ ತನಕ ಯಾರೂ ಅಲ್ಲಿ ಬರಿಗಾಲಲ್ಲಿ ಓಡಾಡಬಾರದು, ಕಸ ಗುಡಿಸಲೂಬಾರದು.

ಗೋಡೆಗೆ ಆಯಸ್ಕಾಂತದ ಪಟ್ಟಿ ಬಡಿದು ಹತಾರ ಅಂಟಿಸುವುದು ಈಗ ರೂಢಿ. ಮೇಜಿನ ಮೇಲೆ ಕೆಲಸ ಮಾಡುವವರಿಗೆ ಅದು ಸರಿಹೋದೀತು. ನೆಲದ ಮೇಲೆ ಕೂತು ಕೆಲಸ ಮಾಡುವವರ ತಲೆಯ ಮೇಲೆ ಅದು ಖಂಡಿತ ಬೇಡ, ಕೈ ತಾಗಿ ಬಿದ್ದರೆ ಹೆಗಲಿಗೋ ತೊಡೆಗೋ ನಾಟುತ್ತದೆ. ಇನ್ನೊಂದು ತೊಡಕೂ ಇದೆ. ಉಳಿಗೆ ಆಯಸ್ಕಾಂತದ ಗುಣ ಹತ್ತಿ, ಮಸೆದಾಗಿನ ಕಬ್ಬಿಣದ ಪುಡಿ ಅದಕ್ಕೆ ಅಂಟಿಕೊಳ್ಳುತ್ತದೆ. ಆ ಪುಡಿ ನೆನೆದ ಚರ್ಮಕ್ಕೆ ತಾಗಿದಲ್ಲೆಲ್ಲ ಕಪ್ಪು ಚುಕ್ಕೆ. ಚುಕ್ಕೆ ಹೊಸದಿದ್ದಾಗಲೇ ನಿಂಬೆರಸ ಸವರಿ, ತಿಳಿಯಾದ ಮೇಲೆ ಶುದ್ಧ ನೀರಿನಲ್ಲಿ ಒರೆಸಿದರೆ ಬಹುತೇಕ ಹೋಗುತ್ತದೆ.

ತೂತು ಹೊಡೆಯುವ ಪಂಚುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಒಂದರ ಬಾಯಿ ಇನ್ನೊಂದಕ್ಕೆ ಬಡಿದು ಹಲ್ಲು ಬೀಳುತ್ತದೆ, ಮುಂದೆ ಹೊಡೆದ ತೂತಿನ ಅಂಚೆಲ್ಲ ನಾರುನಾರಾಗಿ ಕಾಣುತ್ತದೆ. ಕಾಡಾ ಬಟ್ಟೆಯಲ್ಲಿ ಒಂದೊಂದಕ್ಕೂ ಒಂದು ಕಿಸೆ ಹೊಲಿದು ಸುರುಳಿ ಸುತ್ತಿಡಿ. ಇಡುವ ಮೊದಲು ಕೊಳವೆಯೊಳಗೆ ಇಣುಕಿ ನೋಡಿ. ಒದ್ದೆ ಚರ್ಮದ ಸಣ್ಣ ಬಿಲ್ಲೆ ಅಲ್ಲೇ ಸಿಕ್ಕಿಕೊಂಡಿದ್ದರೆ ಪಕ್ಕದ ಕಿಂಡಿಯಿಂದ ತಂತಿ ತೂರಿಸಿ ತಳ್ಳಿ. ಬಿಟ್ಟರೆ ಹೊರಗಿನಿಂದ ಫಳಫಳ ಹೊಳೆಯುವ ಪಂಚು ಒಳಗಿನಿಂದ ತುಕ್ಕು ಹಿಡಿಯುತ್ತದೆ.

ನೆನೆಸಿದ ಚರ್ಮ ಕೊಯ್ಯುವುದರಿಂದ ಬೇಸಿಗೆಯಲ್ಲೂ ಹತಾರ ಒದ್ದೆಯೇ. ಕೆಲಸ ಮುಗಿದ ಕೂಡಲೇ ಒಣಬಟ್ಟೆಯಲ್ಲಿ ಬೆನ್ನಿನ ಕಡೆಯಿಂದ ಅಂಚಿನತ್ತ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ ಸವರಿ. ಅಡುಗೆ ಎಣ್ಣೆ ಬೇಡ, ಕೆಲವು ವಾರಗಳಲ್ಲಿ ಜಿಗುಟಾಗಿ ಧೂಳು ಹಿಡಿಯುತ್ತದೆ. ಮರುದಿನ ಎಣ್ಣೆ ಒರೆಸಿ, ಮೊದಲ ಕೊಯ್ತವನ್ನು ಬೇಡದ ಚೂರಿನ ಮೇಲೆ ಹಾಕಿ.

ಮನೆಯೇ ಕೆಲಸದ ಜಾಗವಾದಾಗ ಮಕ್ಕಳೂ ಅಲ್ಲೇ ಇರುತ್ತಾರೆ. ನೀರು ಕುಡಿಯಲು ಎದ್ದರೂ ರಂಪಿಗೆ ಒರೆಗೆ ಹೋಗಬೇಕು, ರಾತ್ರಿ ಎಲ್ಲವೂ ಚಿಲಕದ ಪೆಟ್ಟಿಗೆಗೆ. ಮುರಿದ ಕಟರ್ ಬ್ಲೇಡುಗಳನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಎಸೆಯಬೇಡಿ, ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈ ಸೀಳುತ್ತದೆ. ದಪ್ಪ ಡಬ್ಬಿಯೊಂದರ ಮುಚ್ಚಳದಲ್ಲಿ ಸೀಳು ಮಾಡಿ ಅದರಲ್ಲಿ ಹಾಕುತ್ತಾ ಹೋಗಿ. ಮುಕ್ಕಾಲು ತುಂಬಿದಾಗ ಸೀಳಿಗೂ ಮುಚ್ಚಳಕ್ಕೂ ಟೇಪು ಸುತ್ತಿ, ಮೇಲೆ ‘ಬ್ಲೇಡ್ ಇದೆ’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಗುಜರಿಯವರ ಕೈಗೇ ಹೇಳಿ ಕೊಡಿ.