ಮಗಳ ಮೆಡಿಕಲ್ ಇಂಟರ್‌ವ್ಯೂ, ಅಮ್ಮನ ಟಿಕೆಟ್ ಉಸ್ತುವಾರಿ

ಆ ವರ್ಷ ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿತ್ತು. ಆರು ಊರು, ಆರು ತಾರೀಕು, ಪಕ್ಕದಲ್ಲಿ ವಿಮಾನದ ಹೊತ್ತು. ಮಗಳು ಅಮೆರಿಕದ ಮೆಡಿಕಲ್ ಕಾಲೇಜುಗಳ ಇಂಟರ್‌ವ್ಯೂಗೆ ತಯಾರಾಗುತ್ತಿದ್ದಳು. ಓದಿನ ವಿಷಯದಲ್ಲಿ ನನ್ನ ಸಲಹೆ ಅವಳಿಗೆ ಬೇಕಿರಲಿಲ್ಲ. ಆದರೆ ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ಇಪ್ಪತ್ತು ವರ್ಷ ಕಳೆದವಳಿಗೆ ಎಲ್ಲಿ ಏನು ಕೆಡಬಹುದು ಎಂದು ಮೊದಲೇ ಹುಡುಕುವ ಚಾಳಿ ಅಂಟಿರುತ್ತದಲ್ಲ, ಅದನ್ನು ಮಾತ್ರ ಚೆನ್ನಾಗಿ ಬಳಸಿಕೊಂಡಳು. ಓಡಾಟದ ಉಸ್ತುವಾರಿ ನನ್ನ ಪಾಲಿಗೆ ಬಂತು. ಅಷ್ಟೆಲ್ಲ ಹುಡುಕಿಯೂ ಮೂರು ಸಲ ಕೆಟ್ಟಿತು. ಈ ವರ್ಷ ಮೂರು ಮನೆಯವರು ಫೋನ್ ಮಾಡಿ ಈ ಓಡಾಟದ ಬಗ್ಗೆಯೇ ಕೇಳಿದರು. ಮೂರು ಸಲ ಹೇಳಿದ್ದನ್ನು ಒಂದು ಸಲ ಬರೆದುಬಿಡೋಣ ಅನ್ನಿಸಿತು.

ಕರೆ ಬಂದ ತಕ್ಷಣ ಟಿಕೆಟ್ ಹುಡುಕಲು ಹೋಗಬೇಡಿ. ಮೊದಲು ಇಮೇಲನ್ನು ಕೊನೆಯವರೆಗೆ ಓದಿ. 2020ರಲ್ಲಿ ಕೋವಿಡ್ ಬಂದಾಗ ಇಂಟರ್‌ವ್ಯೂಗಳು ಆನ್‌ಲೈನಿಗೆ ಹೋದವು, ಆಮೇಲೆ ಎಷ್ಟೋ ಕಾಲೇಜುಗಳು ಅಲ್ಲೇ ಉಳಿದವು. ಕೆಲವು ಖುದ್ದಾಗಿ ಬರಹೇಳುತ್ತವೆ, ಕೆಲವು ಎರಡರಲ್ಲಿ ಯಾವುದಾದರೂ ಸರಿ ಎನ್ನುತ್ತವೆ. ಆರಿಸಿಕೊಳ್ಳುವ ಅವಕಾಶ ಕೊಟ್ಟು, ಎರಡನ್ನೂ ಒಂದೇ ತೂಕದಲ್ಲಿ ನೋಡುತ್ತೇವೆ ಎಂದು ಬರೆದಿದ್ದರೆ ಅದನ್ನು ನಂಬಿ. ಹಣ, ರಜೆ ಎರಡೂ ಬಿಗಿ ಇದ್ದರೆ ಮನೆಯಲ್ಲೇ ಕೂತು ಮಾತಾಡಲಿ. ಹೋಗಲೇಬೇಕು ಎಂದಿರುವ ಕಡೆಗೆ ಮಾತ್ರ ಮುಂದಿನ ಮಾತು.

ಎರಡನೆಯದು ಊರಿನ ಹೆಸರು. ನಗಬೇಡಿ. ರೋಚೆಸ್ಟರ್ ಅಂದಳು, ನಾನು ರೋಚೆಸ್ಟರಿಗೆ ಟಿಕೆಟ್ ತೆಗೆದೆ. ಅವಳಿಗೆ ಕರೆ ಬಂದಿದ್ದದ್ದು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ವಿಶ್ವವಿದ್ಯಾಲಯದಿಂದ. ನಾನು ತೆಗೆದದ್ದು ಮಿನ್ನೆಸೋಟಾದ ರೋಚೆಸ್ಟರಿಗೆ, ಮೇಯೋ ಕ್ಲಿನಿಕ್ ಇರುವ ಊರಿಗೆ. ಅಲ್ಲೂ ಒಂದು ಮೆಡಿಕಲ್ ಕಾಲೇಜಿದೆ, ಆದ್ದರಿಂದ ನನಗೆ ಸ್ವಲ್ಪವೂ ಅನುಮಾನ ಬರಲಿಲ್ಲ. ವಿಮಾನ ನಿಲ್ದಾಣದ ಸಂಕೇತದಲ್ಲಿ ಆರ್‌ಓಸಿ ಅಂದರೆ ನ್ಯೂಯಾರ್ಕಿನದು, ಆರ್‌ಎಸ್‌ಟಿ ಅಂದರೆ ಮಿನ್ನೆಸೋಟಾದ್ದು. ಈಗ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಇಂಥ ಜೋಡಿ ಇದೊಂದೇ ಅಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯ ನ್ಯೂಯಾರ್ಕ್ ನಗರದಲ್ಲಿದೆ. ಕೊಲಂಬಿಯಾ ಎಂಬ ಊರು ಮಿಸೌರಿಯಲ್ಲೊಂದು, ಸೌತ್ ಕೆರೊಲಿನಾದಲ್ಲೊಂದು, ಎರಡರಲ್ಲೂ ಮೆಡಿಕಲ್ ಕಾಲೇಜುಂಟು. ವಾಷಿಂಗ್ಟನ್ ವಿಶ್ವವಿದ್ಯಾಲಯ ಎಂದರೆ ಸಿಯಾಟಲ್ ಇರಬಹುದು, ಸೇಂಟ್ ಲೂಯಿಸ್ ಇರಬಹುದು, ಹಿಂದೆ ಜಾರ್ಜ್ ಸೇರಿಸಿಕೊಂಡರೆ ರಾಜಧಾನಿಯೇ ಇರಬಹುದು.

ಊರು ಸರಿಯಾದರೂ ವಿಳಾಸ ಸರಿ ಎಂದುಕೊಳ್ಳಬೇಡಿ. ವಿಶ್ವವಿದ್ಯಾಲಯ ಒಂದು ಕಡೆ, ಅದರ ಮೆಡಿಕಲ್ ಕಾಲೇಜು ಇನ್ನೊಂದು ಕಡೆ ಇರುವುದು ಇಲ್ಲಿ ಸಾಮಾನ್ಯ. ಕಾರ್ನೆಲ್ ಇರುವುದು ಇಥಾಕಾದಲ್ಲಿ. ಅದರ ಮೆಡಿಕಲ್ ಕಾಲೇಜು 200 ಮೈಲಿಗೂ ದೂರದ ಮ್ಯಾನ್‌ಹಟನ್ನಿನಲ್ಲಿ. ಪೆನ್ ಸ್ಟೇಟ್‌ನ ದೊಡ್ಡ ಕ್ಯಾಂಪಸ್ಸು ಸ್ಟೇಟ್ ಕಾಲೇಜ್ ಎಂಬ ಊರಿನಲ್ಲಿ, ವೈದ್ಯರನ್ನು ತಯಾರು ಮಾಡುವುದು ಸುಮಾರು 100 ಮೈಲಿ ಆಚೆಯ ಹರ್ಷಿಯಲ್ಲಿ. ನಾರ್ತ್‌ವೆಸ್ಟರ್ನ್ ಇವಾನ್‌ಸ್ಟನ್ನಿನಲ್ಲಿದ್ದರೆ ಅದರ ಮೆಡಿಕಲ್ ಕಾಲೇಜು ಶಿಕಾಗೋ ನಗರದ ನಡುವೆ. ಹಾರ್ವರ್ಡ್ ಎಂದು ಕೇಂಬ್ರಿಡ್ಜಿನಲ್ಲಿ ಇಳಿದರೆ ನದಿ ದಾಟಿ ಬಾಸ್ಟನ್ನಿನ ಲಾಂಗ್‌ವುಡ್ಡಿಗೆ ಹೋಗಬೇಕು. ಹಾಗಾಗಿ ಮ್ಯಾಪಿನಲ್ಲಿ ವಿಶ್ವವಿದ್ಯಾಲಯದ ಹೆಸರು ಟೈಪ್ ಮಾಡಬೇಡಿ. ಇಮೇಲಿನಲ್ಲಿರುವ ಬೀದಿ, ಕಟ್ಟಡ, ಮಹಡಿ ನೋಡಿ ಹಾಕಿ.

ತಾರೀಕು ಆರಿಸುವಾಗ ತಡ ಮಾಡಬಾರದು, ಒಳ್ಳೆಯ ದಿನಗಳು ಬೇಗ ತುಂಬಿಹೋಗುತ್ತವೆ. ಆದರೆ ಕ್ಯಾಲೆಂಡರ್ ನೋಡದೆ ಒತ್ತಲೂಬಾರದು. ಒಂದೇ ದಿಕ್ಕಿನ ಎರಡು ಕಾಲೇಜು ಕರೆದಿದ್ದರೆ ಎರಡನ್ನೂ ಒಂದೇ ವಾರಕ್ಕೆ ಕಟ್ಟಲು ನೋಡಿ. ಒಂದು ಕಡೆ ದಿನ ಗೊತ್ತಾಗಿದ್ದರೆ ಇನ್ನೊಂದು ಕಡೆಯ ಅಡ್ಮಿಷನ್ ಆಫೀಸಿಗೆ ಮಗಳೇ ನಾಲ್ಕು ಸಾಲು ಬರೆಯಲಿ: ಈ ವಾರ ಹತ್ತಿರದ ಊರಿಗೆ ಬರುತ್ತಿದ್ದೇನೆ, ಆಗಲೇ ಜಾಗ ಸಿಕ್ಕೀತೇ? ಕೇಳುವುದರಲ್ಲಿ ತಪ್ಪಿಲ್ಲ. ನಮಗೆ ಎರಡು ಕಡೆ ಕೇಳಿದ್ದರಲ್ಲಿ ಒಂದು ಕಡೆ ಆಗಲಿ ಅಂದರು. ಬಾಸ್ಟನ್, ನ್ಯೂ ಹೇವನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್ ಇಷ್ಟೂ ಊರು ಆಮ್‌ಟ್ರಾಕಿನ ಒಂದೇ ರೈಲುದಾರಿಯಲ್ಲಿ ಸಾಲಾಗಿವೆ. ಇವುಗಳ ನಡುವೆ ವಿಮಾನದ ಯೋಚನೆಯನ್ನೇ ಬಿಡಿ.

ಟಿಕೆಟ್ಟು. ನನ್ನ ಲೆಕ್ಕ ಸೀದಾ: ನೇರ ವಿಮಾನವಿದ್ದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದೇ. ನಡುವೆ ಇಳಿದು ಹತ್ತಲೇಬೇಕಾದರೆ ಬೆಳಗಿನ ಮೊದಲ ವಿಮಾನ ಹಿಡಿಯಿರಿ. ದಿನವಿಡೀ ಕೂಡುತ್ತಾ ಬರುವ ವಿಳಂಬ ಆ ಹೊತ್ತಿಗೆ ಇನ್ನೂ ಶುರುವಾಗಿರುವುದಿಲ್ಲ. ಅದು ತಪ್ಪಿದರೂ ಹತ್ತಲು ಇನ್ನೆರಡು ಇರುತ್ತವೆ. ಬೇಸಿಕ್ ಎಕಾನಮಿ ಎಂಬ ಅಗ್ಗದ ಟಿಕೆಟ್ಟಿಗೆ ಮರುಳಾಗಬೇಡಿ, ತಾರೀಕು ಬದಲಾದರೆ ಅದು ಹೆಚ್ಚುಕಡಿಮೆ ಚಿತ್ತು ಕಾಗದ. ವಿಮಾನ ಕಂಪನಿಯ ತಾಣದಲ್ಲೇ, ಹೊರಡುವ ದಿನಕ್ಕೆ ಒಂದು ವಾರವಾದರೂ ಇರುವಾಗ ಕೊಂಡರೆ 24 ಗಂಟೆಯೊಳಗೆ ರದ್ದು ಮಾಡಿ ಪೂರ್ತಿ ಹಣ ವಾಪಸ್ ಪಡೆಯಬಹುದು. ನನ್ನ ರೋಚೆಸ್ಟರ್ ಸಾಹಸ ಬಚಾವಾದದ್ದು ಈ ನಿಯಮದಿಂದ. ದೇಶದೊಳಗಿನ ವಿಮಾನ ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ತಡವಾಗಿ, ನಾವು ಹೋಗುವುದಿಲ್ಲ ಎಂದರೆ ಆಗಲೂ ಹಣ ಬರುತ್ತದೆ. ಹಣವೇನೋ ಬಂತು, ಇಂಟರ್‌ವ್ಯೂ?

ಅದಕ್ಕೇ ನಾನು ಜಗಳವಾಡಿ ಮಾಡಿಸಿದ ನಿಯಮ ಒಂದಿದೆ. ಹಿಂದಿನ ದಿನ ಮಧ್ಯಾಹ್ನದೊಳಗೆ ಆ ಊರಿನಲ್ಲಿರಬೇಕು, ಬೆಳಕಿರುವಾಗಲೇ ಕಾಲೇಜಿನ ಬಾಗಿಲು ಮುಟ್ಟಿ ಬರಬೇಕು. ಮುಟ್ಟಿ ಬರುವುದು ಅಂದರೆ ನಿಜವಾಗಿ ಕೈಯಿಟ್ಟು ಮುಟ್ಟುವುದು.

ಮೊದಲ ಇಂಟರ್‌ವ್ಯೂಗೆ ಈ ನಿಯಮ ಇರಲಿಲ್ಲ. ಹೋಟೆಲಿನಿಂದ ನಡೆದರೆ ಹತ್ತು ನಿಮಿಷ ಎಂದು ಫೋನ್ ಹೇಳಿತ್ತು. ಹತ್ತು ನಿಮಿಷಕ್ಕೆ ಸರಿಯಾಗಿ ಅವಳು ತಲುಪಿದ್ದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ. ಕಾವಲಿನವರು ಒಳಗಿಂದ ಬಿಡಲಿಲ್ಲ. ಕಾಲೇಜಿನ ಬಾಗಿಲು ಆ ಭಾರಿ ಕಟ್ಟಡದ ಬೆನ್ನಿಗಿತ್ತು. ಸುತ್ತು ಹಾಕಿ, ಪಾರ್ಕಿಂಗ್ ಕಟ್ಟಡ ಹತ್ತಿಳಿದು, ಗಾಜಿನ ಸೇತುವೆ ದಾಟಿ ಬೆವರು ಒರೆಸಿಕೊಂಡು ಒಳಗೆ ಹೋದಾಗ ಸ್ವಾಗತ ಭಾಷಣ ಶುರುವಾಗಿತ್ತು. ಮೆಡಿಕಲ್ ಕಾಲೇಜುಗಳು ಒಂಟಿ ಕಟ್ಟಡಗಳಲ್ಲ. ದೊಡ್ಡ ಆಸ್ಪತ್ರೆಯ ಮಗ್ಗುಲಿಗೆ ಅಂಟಿಕೊಂಡಿರುತ್ತವೆ, ಮ್ಯಾಪಿಗೆ ಬೀದಿ ಗೊತ್ತೇ ಹೊರತು ಬಾಗಿಲು ಗೊತ್ತಿಲ್ಲ. ಆಮೇಲೆ ಉಳಿದ ಐದರಲ್ಲಿ ನಾಲ್ಕು ಕಡೆ ಹಿಂದಿನ ಸಂಜೆ ಬಾಗಿಲು ಮುಟ್ಟಿ ನನಗೆ ಫೋಟೋ ಕಳಿಸಿದಳು. ಒಂದು ಫೋಟೋದಲ್ಲಿ ಬಾಗಿಲ ಮೇಲೆ ಚೀಟಿ ಇತ್ತು: ರಿಪೇರಿ ನಡೆದಿದೆ, ಇನ್ನೊಂದು ಬಾಗಿಲಿನಿಂದ ಬನ್ನಿ.

ಹಿಂದಿನ ದಿನವೇ ಹೋಗಿ ಎನ್ನಲು ಇನ್ನೊಂದು ಕಾರಣ ಹವೆ. ಈ ಇಂಟರ್‌ವ್ಯೂಗಳ ಕಾಲವೇ ಹಿಮದ ಕಾಲ. ಬಫಲೋ, ಸಿರಾಕ್ಯೂಸ್, ಕ್ಲೀವ್‌ಲೆಂಡ್ ಕಡೆ ಸರೋವರದ ಮೇಲಿಂದ ಬೀಸುವ ಗಾಳಿ ತೇವ ಹೊತ್ತು ತಂದು ರಾತ್ರಿ ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ಹಿಮ ಸುರಿಯುತ್ತದೆ. ಶಿಕಾಗೋ ನಿಂತರೆ ಅಲ್ಲಿ ವಿಮಾನ ಬದಲಿಸಬೇಕಾದ ಎಲ್ಲರೂ ನಿಂತಂತೆ. ಸಿಕ್ಕಿಹಾಕಿಕೊಂಡರೆ ಮೊದಲ ಕೆಲಸ ಅಡ್ಮಿಷನ್ ಆಫೀಸಿಗೆ ಫೋನ್, ಎರಡನೆಯದು ಅದೇ ವಿಷಯ ಇಮೇಲ್. ಅವರು ಪ್ರತಿ ಚಳಿಗಾಲ ಇದನ್ನು ನೋಡುವವರು. ಅವರ ನಂಬರನ್ನು ಫೋನಿನಲ್ಲಷ್ಟೇ ಅಲ್ಲ, ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ಬ್ಯಾಟರಿ ಸಾಯಲು ಇಂಥ ದಿನವನ್ನೇ ಕಾಯುತ್ತಿರುತ್ತದೆ.

ಈಗ ಸೂಟಿನ ಕಥೆ. ನಮ್ಮ ಮೂರನೇ ಎಡವಟ್ಟು ಅದೇ. ಚೆಕ್ ಇನ್ ಬ್ಯಾಗಿನಲ್ಲಿ ಸೂಟು ಹಾಕಬಾರದು ಅಂತ ಎಲ್ಲರಿಗೂ ಗೊತ್ತು, ನಮಗೂ ಗೊತ್ತಿತ್ತು. ಚಕ್ರದ ಪುಟ್ಟ ಪೆಟ್ಟಿಗೆಯಲ್ಲಿ ಮಡಚಿ ಜೊತೆಯಲ್ಲೇ ಒಯ್ದಳು. ವಿಮಾನ ಹತ್ತುವ ಸಾಲಿನಲ್ಲಿ ಅವಳದು ಕೊನೆಯ ಗುಂಪು. ತಲೆ ಮೇಲಿನ ಗೂಡುಗಳೆಲ್ಲ ತುಂಬಿದವು ಎಂದು ಬಾಗಿಲ ಬಳಿ ಪೆಟ್ಟಿಗೆ ಕಸಿದುಕೊಂಡು ಚೀಟಿ ಕೊಟ್ಟರು. ನಡುವಿನ ಊರಿನಲ್ಲಿ ಮುಂದಿನ ವಿಮಾನ ರದ್ದಾಯಿತು. ಅವಳನ್ನು ಬೇರೆ ವಿಮಾನದಲ್ಲಿ ಕಳಿಸಿದರು, ಪೆಟ್ಟಿಗೆಯನ್ನು ಇನ್ನೊಂದರಲ್ಲಿ. ರಾತ್ರಿ ಹತ್ತೂವರೆಗೆ ಜೀನ್ಸು, ಟೀ ಶರ್ಟಿನಲ್ಲಿ ಊರು ತಲುಪಿ ಫೋನಿನಲ್ಲಿ ಅತ್ತಳು. ಪುಣ್ಯಕ್ಕೆ ಅಲ್ಲಿನ ಎರಡನೇ ವರ್ಷದ ಒಬ್ಬ ವಿದ್ಯಾರ್ಥಿನಿಯ ಕೋಣೆಯಲ್ಲಿ ಉಳಿಯುವ ಏರ್ಪಾಡಿತ್ತು. ಆ ಹುಡುಗಿ ತನ್ನ ಕಪ್ಪು ಕೋಟು, ಪ್ಯಾಂಟು ಕೊಟ್ಟಳು. ಪ್ಯಾಂಟು ಎರಡು ಇಂಚು ಉದ್ದ, ಒಳಗೆ ಮಡಚಿ ಸೇಫ್ಟಿ ಪಿನ್ ಹಾಕಿಕೊಂಡಳು. ಪೆಟ್ಟಿಗೆ ಬಂದದ್ದು ಇಂಟರ್‌ವ್ಯೂ ಮುಗಿದ ಮರುದಿನ, ನಮ್ಮ ಮನೆಗೆ.

ಹಾಗಾಗಿ ಕೋಟನ್ನು ಮೈಮೇಲೆ ಹಾಕಿಕೊಂಡೇ ವಿಮಾನ ಹತ್ತಿ. ಪ್ಯಾಂಟು, ಶರ್ಟು, ಒಳ ಉಡುಪು, ಔಷಧಿ, ಚಾರ್ಜರ್, ಆರು ಸೇಫ್ಟಿ ಪಿನ್ನು ಇವೆಲ್ಲ ಸೀಟಿನ ಕೆಳಗೆ ತಳ್ಳುವ ಬೆನ್ನಿನ ಚೀಲದಲ್ಲಿರಲಿ. ಆ ಚೀಲವನ್ನು ಯಾರೂ ಕಸಿಯುವುದಿಲ್ಲ. ಶಾಂಪೂ, ಲೋಷನ್ ಪ್ರತಿ ಡಬ್ಬಿ 100 ಮಿಲಿಲೀಟರ್ ಮೀರಬಾರದು, ಎಲ್ಲ ಸೇರಿ ಒಂದು ಪುಟ್ಟ ಪಾರದರ್ಶಕ ಚೀಲದಲ್ಲಿ ಕೂರಬೇಕು. ಗುರುತಿನ ಚೀಟಿಯನ್ನೂ ನೋಡಿಕೊಳ್ಳಿ: 2025ರ ಮೇ 7ರಿಂದ ವಿಮಾನ ನಿಲ್ದಾಣದಲ್ಲಿ ಫೆಡರಲ್ ಮಾನದಂಡದ ಗುರುತಿನ ಚೀಟಿ ಕೇಳುವ ರಿಯಲ್ ಐಡಿ ನಿಯಮ ಜಾರಿಯಲ್ಲಿದೆ. ಲೈಸೆನ್ಸಿನ ಮೂಲೆಯಲ್ಲಿ ನಕ್ಷತ್ರದ ಗುರುತು ಇಲ್ಲದಿದ್ದರೆ ಪಾಸ್‌ಪೋರ್ಟ್ ಒಯ್ಯಿರಿ.

ಬೂಟಿನ ಬಗ್ಗೆ ಒಂದೇ ಮಾತು, ಹೊಸದು ಬೇಡ. ಕಾಲೇಜು ತೋರಿಸುತ್ತೇವೆಂದು ಆಸ್ಪತ್ರೆಯ ಉದ್ದಗಲ ನಡೆಸುತ್ತಾರೆ. ಎಂಎಂಐ, ಅಂದರೆ ಮಲ್ಟಿಪಲ್ ಮಿನಿ ಇಂಟರ್‌ವ್ಯೂ, ಇದ್ದರೆ ಇನ್ನೂ ಓಡಾಟ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿ ಅದು. ಬಾಗಿಲ ಹೊರಗೆ ಪ್ರಶ್ನೆ ಓದಲು ಒಂದೆರಡು ನಿಮಿಷ, ಒಳಗೆ ಐದಾರರಿಂದ ಎಂಟು ನಿಮಿಷ ಮಾತು, ಗಂಟೆ ಹೊಡೆದರೆ ಮುಂದಿನ ಬಾಗಿಲು. ಹಿಮ್ಮಡಿ ಕಚ್ಚುವ ಬೂಟಿನಲ್ಲಿ ಎಂಟನೇ ಬಾಗಿಲ ಹೊತ್ತಿಗೆ ಯಾರ ಮುಖದಲ್ಲಿ ನಗು ಉಳಿದೀತು?

ಬಾಡಿಗೆ ಕಾರು ಮಕ್ಕಳಿಗೆ ದುಬಾರಿ. ಹೆಚ್ಚಿನ ಕಂಪನಿಗಳು 21 ತುಂಬದೆ ಕೊಡುವುದಿಲ್ಲ, 25 ತುಂಬುವವರೆಗೆ ದಿನಕ್ಕಿಷ್ಟು ಎಂದು ಮೇಲೆ ಹಾಕುತ್ತವೆ. ಕೆಲವು ಹೋಟೆಲುಗಳಿಗೂ 21ರ ಕಟ್ಟುಪಾಡಿದೆ, ಬುಕ್ ಮಾಡುವ ಮೊದಲು ಫೋನ್ ಮಾಡಿ ಕೇಳಿ. ಎಷ್ಟೋ ಊರಿನಲ್ಲಿ ಕಾರೇ ಬೇಡ. ಫಿಲಡೆಲ್ಫಿಯಾದ ವಿಮಾನ ನಿಲ್ದಾಣದ ರೈಲು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಬಳಿ, ಪೆನ್ ಮೆಡಿಸಿನ್ ಎಂಬ ನಿಲ್ದಾಣದಲ್ಲೇ ಇಳಿಸುತ್ತದೆ, ಹೆಸರೇ ಹೇಳುತ್ತದಲ್ಲ. ಕ್ಲೀವ್‌ಲೆಂಡಿನಲ್ಲಿ ರೆಡ್ ಲೈನ್ ರೈಲು ವಿಮಾನ ನಿಲ್ದಾಣದಿಂದ ಕೇಸ್ ವೆಸ್ಟರ್ನ್ ವಿಶ್ವವಿದ್ಯಾಲಯದ ಪಕ್ಕಕ್ಕೆ ಹೋಗುತ್ತದೆ. ಬಾಸ್ಟನ್ನಿನ ಗ್ರೀನ್ ಲೈನಿನಲ್ಲಿ ಲಾಂಗ್‌ವುಡ್ ಮೆಡಿಕಲ್ ಏರಿಯಾ ಎಂಬ ನಿಲ್ದಾಣವೇ ಇದೆ. ಡಾರ್ಟ್‌ಮತ್ ಇರುವ ಹ್ಯಾನೋವರ್ ಮಾತ್ರ ಒಳನಾಡು. ಬಾಸ್ಟನ್ನಿನಲ್ಲಿ ಇಳಿದು ಬಸ್ಸಿನಲ್ಲಿ ಹೆಚ್ಚುಕಡಿಮೆ ಮೂರು ಗಂಟೆ, ಆ ಮೂರು ಗಂಟೆಯನ್ನು ಲೆಕ್ಕಕ್ಕೆ ಹಿಡಿಯಿರಿ.

ಗಡಿಯಾರವೂ ಮೋಸ ಮಾಡುತ್ತದೆ. ಟೆನೆಸಿ ಒಂದೇ ರಾಜ್ಯ, ಅದರಲ್ಲಿ ಎರಡು ಕಾಲಮಾನ: ನ್ಯಾಶ್‌ವಿಲ್ ಒಂದು, ಪೂರ್ವದ ಜಾನ್ಸನ್ ಸಿಟಿ ಇನ್ನೊಂದು. ನವೆಂಬರಿನ ಮೊದಲ ಭಾನುವಾರ ದೇಶದ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ, ಅರಿಜೋನಾದ ಬಹುಭಾಗ ಅಲುಗಾಡುವುದಿಲ್ಲ. ಆನ್‌ಲೈನ್ ಇಂಟರ್‌ವ್ಯೂ ಇದ್ದರೂ ಇದನ್ನು ನೋಡಿ. ಮನೆಯಲ್ಲೇ ಕೂತು ಒಂದು ಗಂಟೆ ತಡವಾದವರನ್ನು ನಾನು ಬಲ್ಲೆ.

ಇನ್ನು ಅಪ್ಪ ಅಮ್ಮಂದಿರ ವಿಷಯ. ಜೊತೆಗೆ ಹೋಗಬೇಕೇ? ಕಾರು ಓಡಿಸಲು ಹೋಗಿ. ಆದರೆ ಬಾಗಿಲಿಗೆ ಒಂದು ಬೀದಿ ಇರುವಾಗಲೇ ಇಳಿಸಿ ಹೊರಟುಬಿಡಿ. ನಮ್ಮವರು ಒಮ್ಮೆ ಸ್ವಾಗತ ಮೇಜಿನವರೆಗೆ ಚೀಲ ಹೊತ್ತು ಹೋಗಿದ್ದರು. ಅಲ್ಲಿದ್ದವರು ನಗುತ್ತಲೇ ಮಾತಾಡಿಸಿದರು. ಮಗಳು ಮಾತ್ರ ಎರಡು ವಾರ ಅವರನ್ನು ಸರಿಯಾಗಿ ಮಾತಾಡಿಸಲಿಲ್ಲ. ಚೀಲವನ್ನು ಆಫೀಸಿನವರೇ ಒಂದು ಕೋಣೆಯಲ್ಲಿ ಇಟ್ಟುಕೊಳ್ಳುತ್ತಾರೆ, ಹಿಂದಿನ ದಿನ ಕೇಳಿಕೊಂಡರಾಯಿತು. ಮಕ್ಕಳಿಗೂ ಒಂದು ಮಾತು: ಆ ಮೇಜಿನ ಹಿಂದಿರುವವರು, ಊಟಕ್ಕೆ ಜೊತೆ ಕೂರುವ ವಿದ್ಯಾರ್ಥಿಗಳು, ರಾತ್ರಿ ಜಾಗ ಕೊಟ್ಟವರು, ಎಲ್ಲರೂ ಅಂದಿನ ಪರೀಕ್ಷಕರೇ ಎಂದುಕೊಂಡು ನಡೆದುಕೊಳ್ಳಿ.

ವಾಪಸ್ ಟಿಕೆಟ್ಟನ್ನು ಬಿಗಿಯಾಗಿ ತೆಗೆಯಬೇಡಿ. ಮೂರಕ್ಕೆ ಮುಗಿಯುತ್ತದೆ ಎಂದದ್ದು ನಾಲ್ಕಕ್ಕೆ ಮುಗಿಯುತ್ತದೆ. ಕೊನೆಯ ಮಾತುಕತೆಯಲ್ಲಿ ಕೈಗಡಿಯಾರ ನೋಡುವ ಅಭ್ಯರ್ಥಿ ಯಾರಿಗೂ ಇಷ್ಟವಾಗುವುದಿಲ್ಲ. ಏಳರ ಮೇಲಿನ ವಿಮಾನ ಒಳ್ಳೆಯದು. ನಿಲ್ದಾಣದಲ್ಲಿ ಕೂತು, ಹತ್ತುವ ಮೊದಲೇ, ಯಾರು ಮಾತಾಡಿಸಿದರು, ಏನು ಕೇಳಿದರು, ಊರು ಹೇಗನ್ನಿಸಿತು ಎಂದು ಬರೆದುಕೊಳ್ಳಲಿ. ಧನ್ಯವಾದದ ಇಮೇಲಿಗೆ ಹೆಸರುಗಳು ಬೇಕಾಗುತ್ತವೆ. ಅದಕ್ಕಿಂತ ಹೆಚ್ಚಾಗಿ, ವಸಂತದಲ್ಲಿ ಎರಡು ಕಾಲೇಜಿನ ನಡುವೆ ಒಂದನ್ನು ಆರಿಸಬೇಕಾಗಿ ಬಂದರೆ ಆ ಹೊತ್ತಿಗೆ ಎಲ್ಲ ಗಾಜಿನ ಕಟ್ಟಡಗಳೂ ಒಂದೇ ಥರ ಕಾಣುತ್ತಿರುತ್ತವೆ.

ಮಗಳು ಹಾಗೆ ಬರೆದುಕೊಂಡ ಪುಸ್ತಕ ಇನ್ನೂ ಇದೆ. ಕೋಟು ಸಾಲ ಪಡೆದ ಕಾಲೇಜಿನ ಪುಟದ ತುದಿಯಲ್ಲಿ ಬರೆದಿದ್ದಾಳೆ: ಮೂರನೇ ಮಹಡಿ ಶೌಚಾಲಯದ ಬಾಗಿಲಿಗೆ ಕೊಕ್ಕೆ ಇಲ್ಲ, ಕೋಟನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕಾಯಿತು. ಈಗ ಓದುತ್ತಿರುವುದು ಅಲ್ಲೇ. ಕೊಕ್ಕೆ ಇನ್ನೂ ಹಾಕಿಲ್ಲವಂತೆ.