ಬೋಟಿಗೆ ಬಿದ್ದ ಹಕ್ಕಿಗೆ ಅನ್ನ ಹಾಕಬೇಡಿ

ಮಲ್ಪೆಯ ಒಂದು ಟ್ರಾಲ್ ಬೋಟಿನಲ್ಲಿ ನಂದೂ ಪಾಲಿದೆ. ವರ್ಷಕ್ಕೆ ನಾಲ್ಕೈದು ಟ್ರಿಪ್ ನಾನೂ ಹೋಗುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಬೋಟಿಗೆ ಬಿದ್ದ ಮೊದಲ ಹಕ್ಕಿಯನ್ನು ಕೊಂದದ್ದು ನಾನೇ, ಅದೂ ಪಾಪ ಅಂತ ಉಪಚಾರ ಮಾಡಲು ಹೋಗಿ.

ಜೂನ್-ಜುಲೈ ರಜೆ ಮುಗಿದು ಮತ್ತೆ ಕಡಲಿಗೆ ಇಳಿದ ಹೊಸತು. ರಾತ್ರಿ ಬಲೆ ಎಳೆಯುವಾಗ ಲೈಟಿಗೆ ಬಂದು ಕಪ್ಪಗಿನ ಸಣ್ಣ ಹಕ್ಕಿಯೊಂದು ಡೆಕ್ಕಿಗೆ ಬಿತ್ತು. ಬೆನ್ನಿನ ಕೆಳಗೆ ಬಿಳಿ ಪಟ್ಟಿ. ನಿಲ್ಲಲಿಕ್ಕೆ ಆಗದೆ ಹೊಟ್ಟೆಯಲ್ಲೇ ತೆವಳುತ್ತಿತ್ತು. "ಕಾಲು ಮುರಿದಿದೆ ಮಾರಾಯಾ" ಎಂದ ಒಬ್ಬ ಕಲಾಸಿ, ಅಂದರೆ ಬೋಟಿನ ಕೆಲಸಗಾರ. ನಾನು ಕೊಕ್ಕು ಬಿಡಿಸಿ ನೀರು ಬಿಟ್ಟೆ, ಅನ್ನ ತುರುಕಿದೆ. ಬೆಳಗ್ಗೆ ಸತ್ತಿತ್ತು.

ದಡಕ್ಕೆ ಬಂದು ಹಕ್ಕಿ ನೋಡುವವರೊಬ್ಬರಿಗೆ ಫೋಟೊ ತೋರಿಸಿದೆ. ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಅಂತೆ. ಅಂಟಾರ್ಕ್ಟಿಕಾ ಕಡೆ ಮೊಟ್ಟೆ ಇಟ್ಟು, ಅಲ್ಲಿ ಚಳಿಗಾಲ ಶುರುವಾದಾಗ ನಮ್ಮ ಅರಬ್ಬಿ ಸಮುದ್ರದವರೆಗೂ ಬರುತ್ತದೆ. ತೂಕ ನಲವತ್ತು ಗ್ರಾಂ ಆಸುಪಾಸು. ಕಾಲು ಮುರಿದಿರಲಿಲ್ಲ, ಅದರ ಕಾಲಿಗೆ ನೆಲದ ಮೇಲೆ ನಿಲ್ಲುವ ಬಲವೇ ಇಲ್ಲ! ಅಷ್ಟು ದೂರ ಹಾರಿ ಬಂದದ್ದು ನನ್ನ ಅನ್ನ ಗಂಟಲಿಗೆ ಸಿಕ್ಕಿ ಸಾಯಬೇಕಾ.

ಈಗ ಬೋಟಿನಲ್ಲಿ ತೂತು ಮಾಡಿದ ಶೂ ಡಬ್ಬಿ, ಹಳೆ ಲುಂಗಿಯ ತುಂಡು, ಸಣ್ಣ ಕತ್ತರಿ ಇಟ್ಟಿರುತ್ತೇನೆ. ಹಕ್ಕಿ ಬಿದ್ದರೆ ಬಟ್ಟೆಯಲ್ಲಿ ಹಿಡಿದು ಡಬ್ಬಿಗೆ ಹಾಕಿ ಮುಚ್ಚುವುದು. ಅನ್ನವೂ ಬೇಡ, ನೀರೂ ಬೇಡ. ಕತ್ತಲಲ್ಲಿ ಸುಮ್ನೆ ಕೂತು ಸುಧಾರಿಸಿಕೊಳ್ಳುತ್ತದೆ. ಆಮೇಲೆ ಡೆಕ್ಕಿನ ಲೈಟ್ ಆರಿಸಿ, ಬದಿಗೆ ಹೋಗಿ ಗಾಳಿಗೆ ಎದುರಾಗಿ ಅಂಗೈ ಬಿಚ್ಚಿದರೆ ಆಯ್ತು. ಮೇಲಕ್ಕೆ ಎಸೆಯಬೇಡಿ. ಕೆಲವು ಹಕ್ಕಿ ಹೊಟ್ಟೆಯಿಂದ ನಾರುವ ಎಣ್ಣೆ ಕಕ್ಕುತ್ತವೆ, ಅಂಗಿಗೆ ತಾಗಿದರೆ ಆ ವಾಸನೆ ಬೇಗ ಹೋಗುವುದಿಲ್ಲ. ಕಾಲಿಗೆ ಬಲೆಯ ನೂಲು ಸುತ್ತಿದ್ದರೆ ಎಳೆಯದೆ ಕತ್ತರಿಸಿ. ಮಳೆಗಾಲದಲ್ಲಿ ಗಾಳಿಗೆ ಸಿಕ್ಕಿ ಬೀಚಿಗೆ ಬಂದು ಬಿದ್ದದ್ದನ್ನೂ ಹಾಗೆಯೇ ಡಬ್ಬಿಗೆ ಹಾಕಿ ಅರಣ್ಯ ಇಲಾಖೆಗೆ ಫೋನ್ ಮಾಡಿ. ಪಾಪ ಅಂತ ತಿರುಗಿ ನೀರಿಗೆ ದೂಡುವವರೇ ಜಾಸ್ತಿ.

ಡಬ್ಬಿಗಿಂತ ಕಷ್ಟದ್ದು ಸುಟ್ಟ ಆಯಿಲ್. ಇಂಜಿನ್ನಿನ ಹಳೆ ಆಯಿಲನ್ನು ಕಡಲಿಗೇ ಚೆಲ್ಲುವುದು ನಮ್ಮ ಬೋಟಿನಲ್ಲೂ ಇತ್ತು, ಸುಳ್ಳು ಯಾಕೆ ಹೇಳಲಿ. ಎಣ್ಣೆ ತಾಗಿದರೆ ರೆಕ್ಕೆಗೆ ನೀರು ಇಳಿಯುತ್ತದೆ, ಹಕ್ಕಿ ಚಳಿ ಹಿಡಿದು ಸಾಯುತ್ತದೆ. ಅದು ತಿನ್ನುವುದೂ ನೀರಿನ ಮೇಲೆ ತೇಲುವ ಚೂರುಪಾರನ್ನೇ, ಅಂದರೆ ನಾವು ಆಯಿಲ್ ಚೆಲ್ಲಿದ್ದು ಅದರ ಊಟದ ಬಟ್ಟಲಿಗೆ. ಈಗ ಆಯಿಲ್ ಕ್ಯಾನಿಗೆ, ಹರಿದ ಬಲೆ ಚೂರು ಗೋಣಿಗೆ, ಎರಡೂ ದಡಕ್ಕೆ. ಆಯಿಲನ್ನು ಗುಜರಿಯವನು ದುಡ್ಡು ಕೊಟ್ಟೇ ಒಯ್ಯುತ್ತಾನೆ, ಆ ದುಡ್ಡು ಕಲಾಸಿಗಳ ಚಹಾಕ್ಕೆ ಅಂತ ಹೇಳಿದ ಮೇಲೆ ಚೆಲ್ಲುವುದು ನಿಂತಿತು. ಬುದ್ಧಿಮಾತಿಗೆ ನಿಂತಿರಲಿಲ್ಲ.

ಹಕ್ಕಿ ಬೇಕು ಅಂತ ಬೋಟ್ ನಡೆಸುವ ತಾಂಡೇಲರಿಗೆ ಹೇಳಿಕೊಡಬೇಕಾಗಿಲ್ಲ. ಕೇದರ್ (ಟ್ಯೂನಾ ಮೀನು) ಹಿಂಡು ಕೆಳಗಿಂದ ಸಣ್ಣ ಮೀನನ್ನು ಅಟ್ಟುವಾಗ ಮೇಲೆ ರೀವ (ಟರ್ನ್) ಹಕ್ಕಿಗಳು ಮುತ್ತುತ್ತವೆ, ಅವರು ದೂರದಿಂದಲೇ ಗುರುತಿಸುತ್ತಾರೆ. ಆದರೆ ಲೈಟಿನ ವಿಷಯದಲ್ಲಿ ನಮಗೆ ಇನ್ನೂ ಜಗಳ. ಲೈಟ್ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ನಾವದನ್ನು ಮಾಡುವುದಿಲ್ಲ, ನಮ್ಮದು ಬರೀ ಕೆಲಸದ ಲೈಟು. ಹಕ್ಕಿ ದಾರಿ ತಪ್ಪಲಿಕ್ಕೆ ಅದೇ ಸಾಕು. ಬಲೆ ಎಳೆಯುವಾಗ ಆರಿಸಿದರೆ ಯಾರದಾದರೂ ಬೆರಳು ಹೋಗುತ್ತದೆ ಅನ್ನುತ್ತಾರೆ ತಾಂಡೇಲರು, ಅದೂ ಸರಿಯೇ ಅಲ್ವಾ. ಉಳಿದ ಹೊತ್ತು ಒಂದೇ ಬಲ್ಬ್ ಸಾಕು ಅನ್ನುವಲ್ಲಿಗೆ ಬಂದು ನಿಂತಿದ್ದೇವೆ.

ಕಳೆದ ಟ್ರಿಪ್ಪಿನಲ್ಲಿ ಶೂ ಡಬ್ಬಿ ನೀರು ಕುಡಿದು ಹರಿಯಿತು. ಮುಂದಿನ ಸಲ ತರಕಾರಿ ಕ್ರೇಟಿಗೆ ಗೋಣಿ ಮುಚ್ಚಿ ನೋಡಬೇಕು.